ಸಹಿ ಬೀಳದ ತಿಳಿಬರಹ

ಬೆಣ್ಣಿಹಳ್ಳ ವಿಶ್ವವಿದ್ಯಾಲಯ
ಫೆಬ್ರವರಿ ೩೦, ೨೧೮೭

ನನಗಿಂತ ನೂರೈವತ್ತು ವರ್ಷಕ್ಕೂ ಹಿಂದಿರುವ ಹಿರಿಯರಿಗೆ,

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇವತ್ತು ಬೆಳಿಗ್ಗೆ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕೂತಾಗ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು: ನನಗೇ ಗೊತ್ತಿಲ್ಲದೆ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡಿದ್ದೆ. ಚಹಾ ಕೊಡುವ ನೀಲವ್ವ ನಕ್ಕಳು. “ಏನವಾ, ದಿನಾ ಬಾಗಿಲಾ ನೋಡ್ತಿ, ಯಾರರೆ ಬರೋರದಾರೇನು?”

ನಾನು ತಿಳಿಬರಹಗಾರ್ತಿ. ಇಲ್ಲಿ ವಿಜ್ಞಾನಿಗಳ ಉಪನ್ಯಾಸವನ್ನು ಸಾಹಿತ್ಯ ಓದಿದವರೊಬ್ಬರು ಸರಳ ಕನ್ನಡದಲ್ಲಿ ಬರೆದು, ಒಪ್ಪಿ, ಸಹಿ ಹಾಕಿದ ಮೇಲೆಯೇ ಅದು ಊರೂರಿನ ಶಾಲೆ, ಆಸ್ಪತ್ರೆಗಳಿಗೆ ಹೋಗುತ್ತದೆ. ಮಾತಾಡಲು ಅಂಜುವ ನನಗೆ ಹೊಂದುವ ಕೆಲಸ. ಕೊನೆಯ ಸಾಲಿನಲ್ಲಿ ಕೂತು ಬರೆದರೆ ಸಾಕು.

ನಿನ್ನೆ ಎರಡು ಉಪನ್ಯಾಸಗಳಿದ್ದವು. ಮೊದಲನೆಯದು ಪ್ರಾಣಿಗಳ ವಿಷದ ಬಗ್ಗೆ. ಗಂಗಾಬಾಯಿ ಹೊಸಮನಿ ಎಂಬ ವಯಸ್ಸಾದ ವಿಜ್ಞಾನಿ ಸಣ್ಣ ಸೀಸೆಯೊಂದನ್ನು ತಂದಿದ್ದರು. ಒಳಗೆ ನಾಗರಹಾವಿನ ವಿಷ, ಒಣಗಿ ಹಳದಿ ಹರಳಾಗಿತ್ತು. ಆ ಹಾವು ಸತ್ತೇ ನಲವತ್ತು ವರ್ಷವಾಗಿದೆಯಂತೆ. ಮುಟ್ಟಲು ಬಂದ ವಿದ್ಯಾರ್ಥಿಯ ಕೈಯನ್ನು ಅವರು ಸರಿಸಿದರು. “ಒಣಗೇದಂತ ಸತ್ತಿಲ್ಲಪಾ ಅದು. ಒಂದು ಹನಿ ನೀರ ಹಾಕು, ಮತ್ತ ಹೆಡಿ ಎತ್ತತೈತಿ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಡಾ. ಹಾಲಭಾವಿಯವರು ಬಾಲ್ಯದ ಆಘಾತದ ಬಗ್ಗೆ ಮಾತಾಡಿದರು. ಗೋಡೆಯ ಮೇಲೆ ಒಂದು ಮಗು ಬರೆದ ಚಿತ್ರ ಮೂಡಿತು: ಹಸಿರು ಬಾಗಿಲು, ಸುತ್ತ ಮನೆಯೇ ಇಲ್ಲ. ಅದನ್ನು ಬರೆದವಳು ನಾನು. ಆಗ ಏಳು ವರ್ಷ. ಆ ಬಾಗಿಲಲ್ಲಿ ಅಪ್ಪನ ಹೆಜ್ಜೆ ಸಪ್ಪಳ ಕೇಳಿದರೆ ಜೋಳದ ಚೀಲಗಳ ಹಿಂದೆ ಅಡಗುತ್ತಿದ್ದೆ. ಅಧ್ಯಯನಕ್ಕೆ ಸೇರಿಸಿದ ಮಕ್ಕಳ ಹೆಸರು ಮುಚ್ಚಿ ಸಂಖ್ಯೆ ಕೊಡುವ ಪದ್ಧತಿ ನಿಮ್ಮ ಕಾಲದಿಂದ ಬಂದದ್ದು, ಅದು ನನ್ನನ್ನು ಕಾಪಾಡಿದೆ. ಆ ಮಗು ಎದುರಿಗೇ ಕೂತಿದೆಯೆಂದು ಅವರಿಗೆ ಗೊತ್ತಿರಲಿಲ್ಲ. “ಮೂವತ್ತೊಂದನೆಯ ಮಗು. ಎರಡೇ ವರ್ಷದಲ್ಲಿ ಅಳು ನಿಂತಿತು. ಪೂರ್ತಿ ಗುಣ. ಇಂಥವರಿಗೆ ಮುಂದೆ ಚಿಕಿತ್ಸೆ ಬೇಕಿಲ್ಲ,” ಅಂದರು. ಹಾಗೇ ಬರೆದುಕೊಂಡೆ.

ಈ ಉಪನ್ಯಾಸದ ತಿಳಿಬರಹಕ್ಕೆ ಇವತ್ತು ಹನ್ನೆರಡರೊಳಗೆ ನನ್ನ ಸಹಿ ಬೇಕು. ಹಾಕಿದರೆ, ಆಸ್ಪತ್ರೆಯವರು ಅಳು ನಿಲ್ಲಿಸಿದ ಮಕ್ಕಳನ್ನೆಲ್ಲ ಗುಣವಾದವರೆಂದು ಮನೆಗೆ ಕಳಿಸುತ್ತಾರೆ. ಹಾಕದಿದ್ದರೆ ಉಪನ್ಯಾಸಕರ ಎದುರು ಕೂತು ಬಾಯಿಬಿಟ್ಟು ಕಾರಣ ಹೇಳಬೇಕೆಂಬುದು ನಿಯಮ. ಈ ಪತ್ರದ ನಡುವೆ ನಾಲ್ಕು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದೆ.

ನಿಮ್ಮಲ್ಲಿ ಒಂದೇ ಕೋರಿಕೆ. ಸುಮ್ಮನಾದ ಮಗುವನ್ನು ಗುಣವಾದ ಮಗು ಎಂದು ಬರೆದಿಡಬೇಡಿ. ನೀವು ಬರೆದಿಟ್ಟದ್ದನ್ನು ನಾವು ಇನ್ನೂ ಓದುತ್ತಿದ್ದೇವೆ.

ಸಹಿಯ ಜಾಗ ಖಾಲಿಯಿದೆ. ಈಗ ಹಾಲಭಾವಿಯವರ ಕೋಣೆಗೆ ಹೊರಟಿದ್ದೇನೆ. ಅವರು ಕೂರಲು ಹೇಳಿದಾಗ, ಅವರೆದುರಿಗೇ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಳ್ಳುತ್ತೇನೆ. ಯಾಕೆ ಎಂದು ಕೇಳುತ್ತಾರೆ. ಹೇಳುತ್ತೇನೆ.