ಅಪ್ಪನ ತಲಿಯ ಮಫ್ಲರ್

ರಾವೂರ
೧೮ ಆಗಸ್ಟ್ ೨೦೨೫, ಸೋಮವಾರ

ನನ್ನ ಮುದ್ದು ಅಂಬುಜಾಗ ನಿಮ್ಮವ್ವ ಬರೆಯೋದು.

ಹೆಂಗಿದ್ದಿ ಅವ್ವಾ? ನೆಗಡಿ ಕಮ್ಮಿ ಆತೋ ಇಲ್ಲೋ? ಹಾಸ್ಟೆಲಿನ್ಯಾಗ ಫೋನ್ ಕೊಡಂಗಿಲ್ಲ ಅಂತ ಬರೀಲಿಕತ್ತೀನಿ. ನಾಕನೇ ಇಯತ್ತೇಗೆ ಸಾಲಿ ಬಿಟ್ಟಾಕಿ ನಾ, ಅಕ್ಷರ ಸೊಟ್ಟ ಇದ್ರ ನಗಬ್ಯಾಡ. ನಿದ್ದಿ ಇಲ್ಲದ ಕಣ್ಣು ಉರೀತಾವ.

ಅಪ್ಪಗ ಲಕ್ವಾ ಹೊಡದದ ಅಂತ ಹೋದ ಪತ್ರದಾಗ ತಿಳಿಸಿದ್ದೆ. ಮೊದಲ ನಡೆಯೋ ಮುಂದ ಜೋಲಿ ಹೊಡೆದ್ರು, ಮರುದಿನ ಕಾಲು ಎತ್ತಲಿಕ್ಕೇ ಆಗಲಿಲ್ಲ, ಆಮ್ಯಾಲ ಕೈನೂ ಸೋತವು. ಲಕ್ವಾ ಆದೋರಿಗೆ ಗಾಳಿ ತಾಕಬಾರದು, ತಲಿಗೆ ನೀರು ಹಾಕಬಾರದು ಅಂತ ನಿಮ್ಮ ಆಯಿ ಮಗನ ತಲಿಗೆ ಮಫ್ಲರ್ ಬಿಗಿದು ಕಟ್ಟಿಬಿಟ್ರು. ಕಿವಿ, ಕುತ್ತಿಗಿ ಏನೂ ಕಾಣಂಗಿರಲಿಲ್ಲ. ಬಿಚ್ಚಿ ತಲಿ ಒರಸ್ತೀನಿ ಅಂದ್ರ, ಗಂಡನ್ನ ಕೊಲ್ಲಬೇಕಂತ ಮಾಡೀಯೇನು ಅಂತ ನನಗೇ ಬೈದ್ರು. ಕೈಕಾಲಿಗೆ ಎಣ್ಣಿ ತಿಕ್ಕಿ ತಿಕ್ಕಿ ನನಗೂ ಸಾಕಾಗಿತ್ತು, ಹಂಗೇ ಬಿಟ್ಟೆ. ಉಸಿರಾಡಲಿಕ್ಕೂ ತ್ರಾಸ ಆದಾಗ ಕಲಬುರಗಿ ದವಾಖಾನಿಗೆ ಒಯ್ದೆವು.

ಅಲ್ಲಿ ಡಾಕ್ಟರಮ್ಮ ಮೊದಲ ಮಫ್ಲರ್ ಬಿಚ್ಚರಿ ಅಂದ್ರು. ಆಯಿ ಎರಡೂ ಕೈಲೆ ಹಿಡಕೊಂಡು ಬಿಡವಲ್ರು. ಆಗ ನಿಮ್ಮಪ್ಪ ಸಣ್ಣ ದನಿಲೆ, "ಎವ್ವಾ, ಬಿಚ್ಚಲಿ ಬಿಡು, ಕಿವಿ ಹಿಂದ ಭಾಳ ಕೆರೀಲಿಕತ್ತದ" ಅಂದ್ರು. ಇಷ್ಟು ದಿನ ಯಾಕ ಹೇಳಲಿಲ್ಲ ಅಂತ ನಾ ಸಿಟ್ಟಿಗೆದ್ರ, ಕೈಕಾಲೇ ಹೋಗ್ಯಾವ, ಕೆರೆತದ ಮಾತು ಯಾರಿಗೆ ಹೇಳ್ಲಿ ಅಂದ್ರು. ಡಾಕ್ಟರಮ್ಮ ಕೂದಲದಾಗ ಬೆರಳಾಡಿಸಿದ್ರ, ತೊಗರಿ ಕಾಳಿನಷ್ಟು ಉಬ್ಬಿದ ಉಣ್ಣಿ ಕಚ್ಚಿ ಕುಂತಿತ್ತು. ಚಿಮಟಾದಲೆ ಕಿತ್ತರು. ಇದು ಲಕ್ವಾ ಅಲ್ಲ, ಉಣ್ಣಿ ವಿಷ ನರಕ್ಕ ಏರ್ಯದ, ಇನ್ನ ಇಳೀತದ ಅಂದ್ರು. ನಾ ನಂಬಲಿಲ್ಲ. ಮರುದಿನ ಮುಂಜಾನಿ ಕಾಲಿನ ಹೆಬ್ಬೆರಳು ಅಲ್ಲಾಡಿತು. ಅಳಲಿಕ್ಕೂ ನನಗ ತ್ರಾಣ ಇರಲಿಲ್ಲ.

ನಿಮ್ಮಪ್ಪ ನಿನ್ನ ಆಡಿನ ಮರೀನ ಮಳಿಯಾಗ ಹೆಗಲ ಮ್ಯಾಲೆ ಹೊತ್ತು ತಂದಿದ್ರು, ಉಣ್ಣಿ ಅದರಿಂದನೇ ಹತ್ತಿರಬೇಕು. ಮನಿಗೆ ಬಂದಾಗಿಂದ ಆಯಿ ದಿನಾ ಅದರ ಮೈಯೆಲ್ಲಾ ಹುಡುಕ್ತಾರ, ಪಾಪ ಮರಿ ಅವರನ್ನ ಕಂಡ್ರ ಓಡ್ತದ. ನೀನೂ ಗೆಳತಿ ಕಡಿಂದ ತಲಿ ನೋಡಿಸ್ಕೋ ಅವ್ವಾ, ನನ್ನ ಜೀವ ಕೇಳಂಗಿಲ್ಲ.

ಆಯಿ ಆಶೀರ್ವಾದ ಹೇಳ್ಯಾರ. ನಿನ್ನ ಮೇಡಂ ಅವರಿಗೆ ನನ್ನ ಶರಣು. ತಂಪಾಗಿರು.

ನಿಮ್ಮವ್ವ
ಜಗದೇವಿ

ತಾ.ಕ.: ಸಾಲಿ ಬಿಟ್ಟು ಅಪ್ಪನ್ನ ನೋಡ್ಕೊಳ್ಳಲಿಕ್ಕೆ ಬಾ, ಟಿಸಿ ತರಲಿಕ್ಕೆ ಅಮರನಾಥ ಕಾಕಾನ್ನ ಕಳಸ್ತೀನಿ, ಪೆಟ್ಟಿಗಿ ಕಟ್ಟಿಡು ಅಂತ ಬರೆದಿದ್ದೆನಲ್ಲ. ಕಟ್ಟಿದ್ರ ಬಿಚ್ಚು. ಕಾಕಾ ಬರಂಗಿಲ್ಲ, ಓದು. ಇದನ್ನ ಟಪಾಲ ಡಬ್ಬಿಗೆ ಹಾಕ್ತೀನಿ ಕೊಡು ಅಂತ ನಿಮ್ಮಪ್ಪ ಚಪ್ಪಲಿ ಮೆಟ್ಟಿ ಬಾಗಲದಾಗ ನಿಂತಾರ. ಕೋಲು ಹಿಡೀರಿ ಅಂದ್ರ ಕೇಳವಲ್ರು. ಈ ಪತ್ರ ನಿನಗ ಮುಟ್ಟಿದ್ರ, ಅಲ್ಲಿತನಕ ನಡದಾರ ಅಂತ ತಿಳ್ಕೋ.