ಬೋರ್ಡು ಬರೆಯುವ ಕೋಲು

ಅಪ್ಪಾ,

ಶಾಲೆಯ ಕೊನೇ ವರ್ಷದ ಚಿತ್ರಕಲೆ ಪರೀಕ್ಷೆ ಇವತ್ತು ಮುಗೀತು. ಅಂಗಡಿ ಬೋರ್ಡು ಬರೆಯುವಾಗ ನೀನು ಕೈ ಊರುತ್ತಿದ್ದ ಕೋಲು, ತುದಿಗೆ ಬಟ್ಟೆ ಸುತ್ತಿದ್ದು, ಅದನ್ನೇ ತಗೊಂಡು ಹೋಗಿದ್ದೆ. "ಮೇಷ್ಟ್ರಿಗೆ ಹೊಡೆಯೋಕೇನೇ?" ಅಂತ ಗೆಳತಿಯರು ನಕ್ಕಿದ್ದೇ ನಕ್ಕಿದ್ದು. ಮಧ್ಯಾಹ್ನದ ಹೊತ್ತಿಗೆ ಹಸಿ ಬಣ್ಣಕ್ಕೆ ಅಂಗೈ ತಾಗಿ ಅವರು ಬರೆದ ಹೂಜಿ ಚಿತ್ರಗಳೆಲ್ಲ ಕಲಸುಮೇಲೋಗರ. ನನ್ನ ಹೂಜಿ ಮಾತ್ರ ಮದುಮಗನ ಹಾಗೆ ನಿಂತಿತ್ತು!

ಪರೀಕ್ಷಕರು ಕೋಲನ್ನು ತಿರುಗಿಸಿ ನೋಡಿ, "ಇದನ್ನ ಯಾರಮ್ಮಾ ಕಲಿಸಿದ್ದು?" ಅಂದರು.

"ನಮ್ಮಪ್ಪ. ಬೋರ್ಡ್ ಪೇಂಟರ್ ಆಗಿದ್ರು."

ಜೋರಾಗಿಯೇ ಹೇಳಿದೆ ಅಪ್ಪಾ. ಅಂಗಿ ತುಂಬಾ ಬಣ್ಣ ಅಂತ ನಿನ್ನನ್ನ ಶಾಲೆ ಗೇಟಿನ ಆಚೆಯೇ ನಿಲ್ಲಿಸ್ತಿದ್ದೆನಲ್ಲ, ಅಲ್ಲಿವರೆಗೂ ಕೇಳಿಸೋಷ್ಟು ಜೋರಾಗಿ.