ಹಳೇ ಡ್ರೈವ್ ಬರೆದದ್ದು

ಮಾರ್ಚ್ ೧೨, ಮಂಗಳವಾರ

ನನ್ನ ಹೆಂಡತಿ ಹೋಗಿ ವರ್ಷವಾಯಿತು; ಇವಳ ದನಿ ಇವತ್ತು ಹೋಯಿತು.

ನಾನು ಕೆಲಸ ಮಾಡುವ ರೇಡಿಯೋ ಸ್ಟೇಷನ್ನಿನ ಡಿಸ್ಕ್ ಕೆಟ್ಟಾಗ ಎಲ್ಲರೂ ಗಾಬರಿಬಿದ್ದರು, ನಾನೊಬ್ಬ ಬೀಳಲಿಲ್ಲ. ಇವಳು ಮಕ್ಕಳಿಗೆ ಓದಿದ ಕಥೆಗಳೆಲ್ಲ ಬ್ಯಾಕಪ್ ಟೇಪಿನಲ್ಲಿದ್ದವು. ಪ್ರತಿ ಟೇಪನ್ನೂ ಮತ್ತೆ ಓದಿಸಿ ನೋಡಿಯೇ ಬೀರುವಿನಲ್ಲಿಡುತ್ತಿದ್ದೆ. ಇವತ್ತು ಟೇಪ್ ಓದುವ ಹೊಸ ಡ್ರೈವು ಅವುಗಳಲ್ಲಿ ಒಂದನ್ನೂ ಓದಲಿಲ್ಲ.

"ನಿಮ್ಮ ಹಳೇ ಡ್ರೈವಲ್ಲಿ ಟೇಪ್ ಬರೆಯೋ, ಓದೋ ಹೆಡ್ಡು ಒಂಚೂರು ಸರಿದಿತ್ತು ಸಾರ್. ಅದು ಬರೆದಿದ್ದು ಅದಕ್ಕೇ ಓದೋಕೆ ಬರೋದು. ಎಲ್ಲಿದೆ ಅದು?" ಎಂದ ರಿಪೇರಿಯವನು.

ಗುಜರಿಗೆ ಹಾಕಿ ತಿಂಗಳಾಯಿತು. ನಾನು ಓದಿಸಿ ನೋಡುತ್ತಿದ್ದುದೂ ಅದರಲ್ಲೇ. ಎಂಥಾ ಜಾಣ.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಹಿಡಿದಳು. "ಅಪ್ಪಾ, ಅಮ್ಮನ ಕಥೆ ತಂದ್ಯಾ?"

"ಇವತ್ತು ನಾನೇ ಹೇಳ್ತೀನಿ ಬಾ" ಎಂದು ಹಾಸಿಗೆಗೆ ಕರೆದೊಯ್ದು ಆಮೆಯ ಕಥೆ ಶುರು ಮಾಡಿದೆ. ಎರಡು ಮಾತಿಗೇ ತಡೆದಳು.

"ಅಮ್ಮನ ಆಮೆ ಹಿಂಗ್ ಮಾತಾಡಲ್ಲ."

"ಮತ್ತೆ ಹೆಂಗೆ? ನೀನೇ ಹೇಳ್ಕೊಡು ಪುಟ್ಟಿ."

ಬಾಯಿ ತೆರೆದಳು. ಅಮ್ಮನ ಆಮೆಯ ದನಿ ಬರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ನಿದ್ದೆ ಹೋಗಿಲ್ಲ. ನಾನಿದನ್ನು ಬರೆಯುತ್ತಿರುವಾಗಲೂ ಹೊದಿಕೆಯೊಳಗೆ ಆಮೆಯ ಮಾತನ್ನು ಒಮ್ಮೆ ದಪ್ಪಗೆ, ಒಮ್ಮೆ ಸಣ್ಣಗೆ, ಒಮ್ಮೆ ಎಳೆದೆಳೆದು ಹೇಳಿ ನೋಡುತ್ತಿದ್ದಾಳೆ. ಯಾವುದಾದರೂ ಅವಳಮ್ಮನ ದನಿಯೇ? ಹೌದೋ ಅಲ್ಲವೋ ಎಂದು ಹೇಳಲು ನನಗೂ ಈಗ ಆ ದನಿ ನೆನಪಿಗೆ ಬರುತ್ತಿಲ್ಲ.